ಮೂರನೇದೋ ನಾಕನೇದೋ ಕಂಬ

ನಾ ಗೈಡ್ ಅಲ್ರೀ, ಡ್ರೈವರ್.
ನಸಿಕಿನ್ಯಾಗ ಪುಣೆ ಬಿಟ್ಟಿದ್ವಿ.
ಹಿಂದಿನ ಸೀಟಿನ್ಯಾಗ ಗ್ರೀಸ್ ದೇಶದ ಮುದುಕಿ, ಫೋತಿನಿ ಅಂತ,
ತೊಡಿ ಮ್ಯಾಲ ಡಬ್ಬಿ, ಡಬ್ಬ್ಯಾಗ ಉಪ್ಪುನೀರಿನ ಆಲಿವ್ ಕಾಯಿ.
"ನಮ್ಮವರು ಇಲ್ಲೀತನಕ ಬಂದಿದ್ದರು" ಅಂತ
ತಳೇಗಾವ ದಾಟೂದರೊಳಗ ಮೂರು ಸಲ ಹೇಳಿದಳು.
ಬಂದಿರಬೇಕು.
ನಾವೂ ಬಂದೇವಲ್ಲ.

ವೇಹೆರಗಾವದಾಗ ಗೈಡ್ ಭಿಕಾ ಪಡವಳ ಗಂಟುಬಿದ್ದ.
ಅರ್ಧ ಇಂಗ್ಲಿಷು, ಅರ್ಧ ಮರಾಠಿ,
ಉಳಿದರ್ಧ ಬರೇ ಕೈ.
ಪಾವಟಿಗಿ ಮೂರೂವರಿ ನೂರು.
ಎರಡೂ ಮಗ್ಗಲ ಅಂಗಡಿ, ಹಸಿರು ಬಳಿ, ತೆಂಗಿನಕಾಯಿ, ಪೇಡೆ,
ಮತ್ತ ತಗಡಿನ ಕಣ್ಣು, ತಗಡಿನ ಕೈಕಾಲು,
ಬ್ಯಾನಿ ಹೋದ್ರ ದೇವಿಗೆ ಒಪ್ಪಿಸೂವಂಥಾವು.
ಮುದುಕಿ ಅಲ್ಲೇ ನಿಂತುಬಿಟ್ಟಳು.
ತನ್ನೂರಾಗೂ ಹಿಂಗ ಕಣ್ಣು ತೂಗಹಾಕ್ತಾರಂತ
ಮೇರಿ ತಾಯಿ ಪಟದ ಮುಂದ.
ಒಂದು ಕಾಲು ಕೊಂಡಳು, ಚೌಕಾಶಿ ಇಲ್ಲದ.
ಮೊಣಕಾಲು ನನಗೂ ನೋಯ್ತಿತ್ತು,
ನಾ ನೀರು ಕುಡದು ಸುಮ್ಮನಾದೆ.

ಗವಿ ಬಾಗಲಕ್ಕ ಹತ್ತಿಕೊಂಡ ಏಕವೀರೆಯ ಗುಡಿ.
ಮುಂಬೈ ದಂಡಿಯಿಂದ ಬಂದ ಕೋಳಿ ಮಂದಿ,
ಕೋಳಿ ಅಂದ್ರ ಬೆಸ್ತರು, ನಮ್ಮ ಹಕ್ಕಿ ಅಲ್ಲ,
ಆದ್ರೂ ಒಬ್ಬೊಬ್ಬರ ಬಗಲಾಗ ಒಂದೊಂದು ಹುಂಜ.
ಒಂದು ಹುಂಜ ಮುದುಕಿ ಮಾರಿ ನೋಡಿ
ಕುತ್ತಿಗಿ ವಾರಿ ಮಾಡಿತು.
ಬ್ಯಾಂಡಿನವರು ಗದ್ದಲ ಎಬ್ಬಿಸಿದ್ದರು.

ಒಳಗ ತಂಪು. ಕತ್ತಲಿ.
ಮ್ಯಾಲ ಕಟ್ಟಿಗಿ ಪಕಾಸಿ, ಎರಡು ಸಾವಿರ ವರ್ಷದಾವಂತ.
ನಮ್ಮನಿ ಜಂತಿ ಇಪ್ಪತ್ತಕ್ಕ ಗೆದ್ದಲ ಹತ್ತಿ ಇಳದಿತ್ತು.
ಪಡವಳ ಎಣಸಿಕೋತ ನಡದ,
ಮೂರನೇದೋ ನಾಕನೇದೋ ಕಂಬಕ್ಕ ನಿಂತ,
ಟಾರ್ಚ್ ಅಡ್ಡ ಹಿಡದ.
ಬೆಳಕು ವಾರಿ ಬಿದ್ದಿದ್ದ ತಡ
ಅಕ್ಷರ ಎದ್ದು ಕುಂತವು.
"ಧೇನುಕಾಕಟದ ಯವನ ಸಿಹಧಯ. ಕಂಬ, ದಾನ."
ಇಷ್ಟ.
ಊರು ಮೊದಲು, ಮಂದಿ ಆಮ್ಯಾಲ, ಹೆಸರು ಕಡೀಕ.

ಸಿಹಧಯ, ಸಿಹಧಯ,
ಮುದುಕಿ ಬಾಯಾಗ ಹೊರಳಿಸಿ ನೋಡಿದಳು.
ಇಂಥ ಹೆಸರು ತಮ್ಮಲ್ಲಿಲ್ಲಂತ.
ಹಡದವರು ಏನಂತ ಕರದಿದ್ದರೋ,
ಕಲ್ಲಕುಟಿಗನ ಕಿವಿಗೆ ಏನಂತ ಬಿತ್ತೋ,
ಉಳಿ ಹ್ಯಾಂಗ ಹೊಳ್ಳಿತೋ,
ಇಲ್ಲಾ, ಮನಷ್ಯಾನೇ ಬ್ಯಾಸರಾಗಿ
"ಬರಕೋ, ಹಂಗ ಬರಕೋ" ಅಂದನೋ.
ಧೇನುಕಾಕಟ ಎಲ್ಲಿ ಅಂದ್ರ
ಪಡವಳ ಗುಡ್ಡದ ಕಡೆ ಕೈ ಬೀಸಿದ.
ಪಂಡಿತರ ಜಗಳ ಇನ್ನೂ ಮುಗದಿಲ್ಲಂತ.

ನನಗ ನೆನಪಾಗಿದ್ದು ಫ್ಯಾನು.

ಮೊದಲ ಗಾಡಿ ಸಾಲ ಮುಟ್ಟಿದ ವರ್ಷ
ಗೋಲಗೇರಿ ಗುಡಿಗೆ ಒಂದು ಫ್ಯಾನು ಕೊಟ್ಟೆ.
ರೆಕ್ಕಿ ಮ್ಯಾಲ ಪೇಂಟರ್ ಬರದಾನ
"ಪುಣೆಯ ಗೊಲಾಳಪ್ಪನ ಕಾಣಿಕೆ".
ಗೊಲ್ಲಾಳಪ್ಪನ ಒತ್ತು ನುಂಗ್ಯಾನ.
ಪುಣೆಯ ಅಂದಾನ! ಆ ಗುಡಿ ಕಟ್ಟಿ ಮ್ಯಾಲ
ಅಂಬೆಗಾಲಿಟ್ಟವ ನಾ.
ಇಲ್ಲಿ ಪಾರ್ಕಿಂಗ್ ಹುಡುಗ ಕರೀತಾನ, "ಏ ಕಾನಡೀ."
ಫ್ಯಾನು ತಿರಗೂವಾಗ ಹೆಸರು ಕಾಣೂದಿಲ್ಲ,
ಗಾಳಿ ಅಷ್ಟ.
ಕರೆಂಟ್ ಹೋದಾಗ ಓದಬಹುದು.

ಹೊರಗ ಬಂದು ತಗಡಿನ ಕಾಲು ದೇವಿಗೆ ಕೊಟ್ಟಳು,
ಜೋಡಿ ಎರಡು ಆಲಿವ್ ಇಟ್ಟಳು ತಟ್ಟ್ಯಾಗ.
ಪೂಜಾರಿ ಮೂಸಿ ನೋಡಿ
ಭಂಡಾರ ಹಚ್ಚಿ ಕಳಿಸಿದ.
ಹಳದಿ ಹಣಿ ಹೊತ್ತು ಇಳಕೋತ
ನನ್ನ ಹೆಸರು ಕೇಳಿದಳು.
ಹೇಳಿದೆ.
"ಗೊಲಾಲ?"
ಇನ್ನೊಮ್ಮೆ ಹೇಳಿದೆ.
"ಗೊಲಾಲಾ!" ಅಂತ ನಕ್ಕು
ಪುಟ್ಟ ವಹಿ ತಗದು ತಮ್ಮ ಅಕ್ಷರದಾಗ ಬರಕೊಂಡಳು.
ಊರನ್ನೂ ಕೇಳಿದಳು.
ಯಾವುದು ಹೇಳಲಿ ಅಂತ ಒಂದು ಪಾವಟಿಗಿ ತಡದೆ.

ಗಾಡ್ಯಾಗ ಕುಂತ ಮ್ಯಾಲ ನನಗೂ ಒಂದು ಆಲಿವ್ ಕೊಟ್ಟಳು.
ಭಾಳ ಉಪ್ಪು, ಹಿಂದಿಂದ ಕಹಿ.
ಬೀಜ ಎಲ್ಲಿ ಉಗಳಬೇಕು ತಿಳೀಲಿಲ್ಲ,
ಸೋಮಾಟಣೆ ಟೋಲ್ ತನಕ
ಬಾಯಾಗ ಹೊರಳಿಸಿಕೋತ ಬಂದೆ.