ನಾಲ್ಕನೆಯ ಬ್ರಷ್ಷು

ಗ್ಲೇಸ್ ಬೇ ಊರಿನ ಕಚೇರಿಯಲ್ಲಿ
ಗಾಜಿನ ಈಚೆ ಕೂತು ನನಗೆ ಹತ್ತೊಂಬತ್ತು ವರ್ಷ.
ಆಚೆ ನಿಂತವರ ಉಸಿರು ಗಾಜಿಗೆ ಹತ್ತಿ
ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮುಖ ಮಸುಕು.
ಒರೆಸುವುದು ನನ್ನ ಕೆಲಸವಲ್ಲ.
ನನ್ನ ಕೆಲಸ ಕೂಡುವುದು, ಕಳೆಯುವುದು;
ಹೆಚ್ಚಾಗಿ ಕಳೆಯುವುದು.

ಕಲ್ಲಿದ್ದಲ ಗಣಿ ಮುಚ್ಚಿದ ವರ್ಷ
ನನ್ನಪ್ಪನೂ ಈ ಸಾಲಿನಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ.
ಮನೆಗೆ ಬಂದು, "ಸಾಲು ಚಿಕ್ಕದಿತ್ತು" ಅಂದ.
ಹೊರಗೆ ಕತ್ತಲಾಗಿತ್ತು.

ಈಗ ಕಡಲೊಂದೇ ಧಣಿ,
ಅದೂ ವರ್ಷಕ್ಕೆ ಹತ್ತು ವಾರ.
ಏಡಿ ಬಂದಾಗ ಏಡಿ ಒಡೆಯಲು ಕರೆ ಬರುತ್ತದೆ.
ರೊಡೀನಾ ಮ್ಯಾಕಿಂಟೈರ್ ಹೋಗುತ್ತಿದ್ದಳು.
ಬೆರಳ ಸಂದಿಯಲ್ಲಿ ಗೀರು, ಗೀರಿನಲ್ಲಿ ಉಪ್ಪು.
ಸಂಬಳದ ಚೀಟಿಯನ್ನು ಮಡಿಸಿ ಮಡಿಸಿ
ಅಂಚೆಚೀಟಿಯಷ್ಟು ಮಾಡಿ ಕಿಂಡಿಗೆ ತೂರುವಳು.
ನಾನು ಬಿಡಿಸಿ ಓದುವೆ:
ನೂರು ದುಡಿದರೆ ನೆರವಿನಲ್ಲಿ ಎಪ್ಪತ್ತು ಕಡಿತ.
ಉಳಿದ ಮೂವತ್ತರಲ್ಲಿ ಬಸ್ಸು, ಕೈಗವಸು,
ಮಕ್ಕಳನ್ನು ನೋಡಿಕೊಳ್ಳುವ ಪಕ್ಕದ ಮನೆ ಮುದುಕಿಗೆ ಒಂದಿಷ್ಟು.
ಒಮ್ಮೆ ಕೇಳಿದಳು, ಸಿಟ್ಟಿನಿಂದಲ್ಲ, ಬರೀ ಕುತೂಹಲ:
"ಹಾಗಾದರೆ ನಾನು ದುಡಿದದ್ದು ಯಾರಿಗೆ?"
ಕೈಪಿಡಿಯಲ್ಲಿ ಆ ಪ್ರಶ್ನೆಗೆ ಪುಟವಿರಲಿಲ್ಲ.
ಮರುವರ್ಷ ಅವಳು ಏಡಿಗೆ ಹೋಗಲಿಲ್ಲ.
ಕಡತದಲ್ಲಿ ಬರೆದೆ: ದುಡಿಯಲು ಮನಸ್ಸಿಲ್ಲ.

ಇನ್ನೊಂದಿದೆ, ಹೇಳಿಬಿಡುತ್ತೇನೆ.
ನವೆಂಬರಿನ ಒಂದು ಬೆಳಿಗ್ಗೆ ಹೇಳದೆ ಕೇಳದೆ
ಅವಳ ಮನೆ ಹೊಕ್ಕೆ; ನಿಯಮವಿತ್ತು.
ಬಾಗಿಲಲ್ಲಿ ಎಷ್ಟು ಜೊತೆ ಬೂಟು,
ಬಚ್ಚಲ ಲೋಟದಲ್ಲಿ ಎಷ್ಟು ಹಲ್ಲುಜ್ಜುವ ಬ್ರಷ್ಷು.
ಅವಳದೊಂದು, ಮಕ್ಕಳವೆರಡು. ನಾಲ್ಕನೆಯದು ನೀಲಿ.
"ಇದು ಯಾರದು?"
ದೋಣಿ ರಿಪೇರಿ ಮಾಡುವ ಥಿಯೊಫಿಲ್‌ನದು ಅಂತ
ಊರಿಗೆಲ್ಲ ಗೊತ್ತು, ನನಗೂ ಗೊತ್ತು.
ಅವಳು ಲೋಟ ನೋಡಿದಳು, ನನ್ನ ಒದ್ದೆ ಬೂಟು ನೋಡಿದಳು.
"ಬೆಳ್ಳಿ ಉಜ್ಜಲಿಕ್ಕೆ," ಅಂದಳು.
ಆ ಮನೆಯಲ್ಲಿ ಬೆಳ್ಳಿ!
ದೊಡ್ಡ ಹುಡುಗ ಫಕ್ಕನೆ ನಕ್ಕ, ನಕ್ಕಮೇಲೆ ಹೆದರಿದ.
ನಾನು ನಗಲಿಲ್ಲ.
ನಾಲ್ಕು, ಅಂತ ಬರೆದುಕೊಂಡೆ.
ಎರಡು ತಿಂಗಳ ದುಡ್ಡು ನಿಂತಿತು.
ಥಿಯೊಫಿಲ್ ಆಲ್ಬರ್ಟಾದ ಎಣ್ಣೆಬಾವಿಗಳಿಗೆ ಹೋದನಂತೆ.
ಬಡತನ ಕಡಿಮೆಯಾಯಿತೇ? ಗೊತ್ತಿಲ್ಲ.
ಒಂದು ಬ್ರಷ್ಷು ಕಡಿಮೆಯಾಯಿತು.

ಈ ವರ್ಷ ಹ್ಯಾಲಿಫ್ಯಾಕ್ಸಿನಿಂದ ಹೊಸ ಸುತ್ತೋಲೆ:
ದುಡಿದ ಮೊದಲ ಮುನ್ನೂರು ಡಾಲರು ಮುಟ್ಟಬೇಡಿ,
ಆಮೇಲಿನದರಲ್ಲಿ ಕಾಲು ಭಾಗ ಮಾತ್ರ ಕಡಿಯಿರಿ,
ಮನೆ ಹೊಕ್ಕು ಏನನ್ನೂ ಎಣಿಸಬೇಡಿ.
ತರಬೇತಿಗೆ ಬಂದ ಹುಡುಗಿ ಪರದೆಯ ಮೇಲೆ
ಬಡತನವನ್ನು ಒಂದು ಗೆರೆಯಾಗಿ ತೋರಿಸಿದಳು.
ಐದು ವರ್ಷದಲ್ಲಿ ಅದು ಹೀಗೆ ಇಳಿಯುತ್ತದಂತೆ,
ಮಕ್ಕಳು ಜಾರುವ ಬಂಡೆಯ ಹಾಗೆ, ನುಣ್ಣಗೆ.
ಆ ಇಳಿಜಾರಿನಲ್ಲಿ ರೊಡೀನಾಳ ಮನೆ ಎಲ್ಲಿ
ಅಂತ ನಾನು ಹುಡುಕುತ್ತಲೇ ಇದ್ದೆ,
ದೀಪ ಹಾಕಿದರು, ಚಹಾ ಬಂತು.

ಮೇ ತಿಂಗಳಲ್ಲಿ ಅವಳು ಏಡಿಗೆ ಹೋದಳು.
ಚೀಟಿಯನ್ನು ಮಡಿಸದೆ ಕೊಟ್ಟಳು.
ಜೂನಿನಲ್ಲಿ ಚಿಕ್ಕವಳಿಗೆ ಕನ್ನಡಕ;
ಬಂದರಿನ ದೋಣಿಗಳಿಗೆ ಹೆಸರು ಬರೆದಿರುತ್ತಾರೆಂದು
ಆ ಹುಡುಗಿಗೆ ಆಗಲೇ ಗೊತ್ತಾದದ್ದಂತೆ.
ಜುಲೈನಲ್ಲಿ ಮನೆ ಮಾಲೀಕನೂ ಸುತ್ತೋಲೆ ಓದಿದ.
ಬಾಡಿಗೆ ಎಂಬತ್ತು ಏರಿತು.
"ನೀವು ಬಿಟ್ಟದ್ದನ್ನು ಅವನು ಹಿಡಿದ," ಅಂದಳು,
"ಆದರೂ ಕೈಗೆ ಒಂಚೂರು ಅಂಟಿಕೊಂಡಿದೆ."
ಎಷ್ಟು? ಅಭ್ಯಾಸಬಲ, ಲೆಕ್ಕ ಹಾಕಿದೆ:
ವಾರಕ್ಕೆ ಇಪ್ಪತ್ತೊಂದು ಡಾಲರು.
ಅಷ್ಟಕ್ಕೆ ಗೆರೆ ಬಾಗುತ್ತದೋ ಇಲ್ಲವೋ
ಹ್ಯಾಲಿಫ್ಯಾಕ್ಸಿನವರು ಹೇಳಲಿ.
ಥಿಯೊಫಿಲ್ ತಿರುಗಿ ಬಂದನೇ, ನಾನು ಕೇಳಲಿಲ್ಲ.

ಸಂಜೆ ಕಡತ ತೆಗೆದು ಆ ಹಳೆಯ ಸಾಲು ಹುಡುಕಿದೆ.
ದುಡಿಯಲು ಮನಸ್ಸಿಲ್ಲ. ನನ್ನದೇ ಅಕ್ಷರ, ಗುಂಡಗೆ.
ಹೊಡೆದುಹಾಕಲು ಮೇಲಿನವರ ಒಪ್ಪಿಗೆ ಬೇಕಂತೆ.
ಅರ್ಜಿ ಹಾಕಿದ್ದೇನೆ. ಸಾಲಿನಲ್ಲಿದೆ.

ಹೊರಡುವ ಮುಂಚೆ ಅಂಗಿಯ ತೋಳಿನಿಂದ
ಗಾಜು ಒರೆಸಿದೆ, ಎರಡು ಸಲ.
ಉಸಿರು ಆಚೆ ಕಡೆಯದು.
ಈಚೆಯಿಂದ ಹೋಗಲಿಲ್ಲ.