ಪಿಳ್ಳಪ್ಪನ ಕೈ

ಚೌಡಸಂದ್ರದ ಕೆರೆ, ತೂಬಿನ ಹತ್ತಿರ.
ಮೀನಿನ ಗುತ್ತಿಗೆ ಹಿಡಿದ ಪಿಳ್ಳಪ್ಪ
ಅಂಗಿಯ ತೋಳು ಮಡಚಿ
ನೀರಿಗೆ ಕೈ ಇಳಿಸುತ್ತಾನೆ.
ಬೆರಳು ಕಾಣುತ್ತೆ. ಗೆಣ್ಣು ಕಾಣುತ್ತೆ.
ಮಣಿಕಟ್ಟಿನ ಕೆಂಪು ದಾರ ನೀರು ಮುಟ್ಟುವ ಹೊತ್ತಿಗೆ
ಬೆರಳಿಲ್ಲ.

"ಹೋದ ತಿಂಗಳು ಮೊಣಕೈವರೆಗೂ ಕಾಣ್ತಿತ್ತು ಮೇಡಂ,
ಈ ಸಲ ಮಣಿಕಟ್ಟಿಗೇ ಕೈ ಕಳಕೊಂಡೆ."

ನಾನು ಬಾಟಲಿ ಮುಳುಗಿಸುತ್ತೇನೆ. ಗುಳು ಗುಳು.
ಚೀಟಿಯ ಮೇಲೆ ದಿನಾಂಕ, ಹೊತ್ತು, ಆಳ.
ಕಪ್ಪು ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು
ಕೋಲಾರದ ಬಸ್ಸು.
ಪಕ್ಕದ ಹೆಂಗಸು ಕೇಳುತ್ತಾಳೆ, "ಮಗೂಗೆ ಹಾಲಾ?"
"ಅಲ್ಲಮ್ಮ, ಕೆರೆ."

ಕಾಲು ಲೀಟರು ಸೋಸಿದರೆ
ಬಿಳಿ ಕಾಗದದ ಮೇಲೆ ರೂಪಾಯಿಯಗಲ ಹಸಿರು.
ನಗೀನಾ ಅದನ್ನು ಅರೆಯುತ್ತಾಳೆ,
ಅಕ್ಕನ ನಿಕಾಹಿನ ಮೆಹಂದಿ ಇನ್ನೂ ಮಾಸದ ಕೈಯಲ್ಲಿ.
ಅಸಿಟೋನು ಬಿದ್ದೊಡನೆ ಮೂಗು ಮುಚ್ಚಿ ನಗುತ್ತಾಳೆ:
ಉಗುರಿನ ಬಣ್ಣ ತೆಗೆಯುವ ಅದೇ ವಾಸನೆ.
ರಾತ್ರಿಯೆಲ್ಲ ಫ್ರಿಜ್ಜಿನ ಕತ್ತಲಲ್ಲಿ
ಬಣ್ಣ ಮೈಬಿಟ್ಟು ಇಳಿದು
ಬೆಳಿಗ್ಗೆ ಕಾಗದ ಬಿಳಿಚಿದೆ, ಕೊಳವೆಯಲ್ಲಿ ಗಿಳಿಯ ರೆಕ್ಕೆ.

ಚೌಕ ಗಾಜಿಗೆ ಎರಡು ಮೊಗ ಸ್ವಚ್ಛ, ಎರಡು ಮೊಗ ಮಬ್ಬು.
ಮಬ್ಬಿನ ಕಡೆ ಹಿಡಿ ನಗೀನಾ.
ಬೆಳಕಿನ ದಾರಿಯಲ್ಲಿ ನಿನ್ನ ಬೆರಳಚ್ಚು ಬಿದ್ದರೆ
ನಿನ್ನನ್ನೂ ಪಾಚಿಯ ಲೆಕ್ಕಕ್ಕೆ ಸೇರಿಸುತ್ತೆ.

ಮೊದಲು ಬರೀ ಅಸಿಟೋನು. ಸೊನ್ನೆ.
ಏನೂ ಇಲ್ಲದ್ದನ್ನು ಮೊದಲು ಅಳೆಯಬೇಕು.
ಆಮೇಲೆ ಏಳುನೂರ ಐವತ್ತು:
ಅಲ್ಲಿ ಹಸಿರು ಬೆಳಕು ಕುಡಿಯುವುದಿಲ್ಲ,
ಏನಾದರೂ ಕಂಡರೆ ಅದು ಕಸ, ಕಳೆದುಬಿಡು.
ಆಮೇಲೆ ಆರುನೂರ ಅರವತ್ತನಾಲ್ಕು.
ಕೆಂಪು.

ಅದು ಉಣ್ಣುವುದು ಕೆಂಪು, ಉಣ್ಣುವುದು ನೀಲಿ.
ಹಸಿರೆಂದರೆ ಅದು ಎಲೆಯ ಅಂಚಿಗೆ ಸರಿಸಿಟ್ಟದ್ದು.
ಕೆರೆಯ ದಂಡೆಯಲ್ಲಿ ನಿಂತು
"ಅಬ್ಬಾ ಎಷ್ಟು ಹಸಿರು" ಎಂದವರೆಲ್ಲ
ಅದರ ಎಂಜಲನ್ನೇ ಹೊಗಳಿದ್ದು.

ನಮ್ಮೂರ ಡೈರಿಯಲ್ಲೂ ಒಂದು ಗಾಜಿನ ಕಡ್ಡಿ ಇತ್ತು.
ಹಾಲಿನಲ್ಲಿ ಅದು ಮುಳುಗಿದ್ದು ನೋಡಿ
ಕಾರ್ಯದರ್ಶಿ ಮುಖ ಸಿಂಡರಿಸುತ್ತಿದ್ದ.
ಅವ್ವ ನೀರು ಬೆರೆಸಿರಲಿಲ್ಲ.
ಹಸು ಎಳೆ ಹುಲ್ಲು ಮೇಯ್ದಿತ್ತು, ಅಷ್ಟೆ.
ಆ ಕಡ್ಡಿಗೆ ಹುಲ್ಲಿನ ವಿಷಯ ಯಾರೂ ಹೇಳಿರಲಿಲ್ಲ.

ಸೊನ್ನೆ ಪಾಯಿಂಟ್ ನಾಲ್ಕು ಒಂದು ಎರಡು.
ಬರಕೋ ನಗೀನಾ. ಈಗ ಒಂದು ಹನಿ ಆಸಿಡ್,
ತೊಂಬತ್ತು ಸೆಕೆಂಡು.
ಜೀವವಿದ್ದ ಹಸಿರು ಕಂದುತ್ತೆ.
ಮೊದಲೇ ಸತ್ತದ್ದು ಹಾಗೇ ಇರುತ್ತೆ,
ಕಳಕೊಳ್ಳಲು ಅದರಲ್ಲಿ ಇನ್ನೇನಿದೆ?
ಎಷ್ಟು ಇಳಿಯಿತೋ ಅಷ್ಟು ಬದುಕಿತ್ತು.

ಎಪ್ಪತ್ತನೇ ಸೆಕೆಂಡಿಗೆ ಕರೆಂಟು ಹೋಯಿತು.

ಬಂದ ಮೇಲೆ ದೀಪ ಕಾಯಲು ಮತ್ತೆ ಅರ್ಧ ಗಂಟೆ.
ಎರಡನೇ ಕೊಳವೆ. ಮತ್ತೆ ಸೊನ್ನೆಯಿಂದ.
ಆ ಮಬ್ಬಿನಲ್ಲಿ ನಗೀನಾ ಕೇಳಿದಳು,
"ಮೇಡಂ, ಹಾಗಾದರೆ ಕೆರೆ ಚೆನ್ನಾಗಿದೆಯೋ, ಇಲ್ಲವೋ?"
ನಾನು ಗಾಜು ಒರೆಸುತ್ತಿದ್ದೆ.
ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಆಸಿಡ್ಡಿನ ನಂತರ: ಸೊನ್ನೆ ಪಾಯಿಂಟ್ ಎರಡು ಆರು ಎಂಟು.
ಸೂತ್ರಕ್ಕೆ ಹಾಕಿದೆ, ಗುಣಿಸಿದೆ, ಭಾಗಿಸಿದೆ.
ಲೀಟರಿಗೆ ಇಷ್ಟು ಮೈಕ್ರೋಗ್ರಾಂ.
ರಿಜಿಸ್ಟರಿನಲ್ಲಿ ಏಳು ಅಂಕಣ, ಎಲ್ಲ ತುಂಬಿತು.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಇನ್ನೊಂದು ಗೆರೆ ಎಳೆದು
ಬರೆದೆ: ಪಿ. ಕೈ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಫೋನು.
"ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಾವೆ ಮೇಡಂ.
ನಿಮ್ಮ ಮಿಷನ್ನು ಏನಂತು?"

ಅಂಕಿ ನಾಲಿಗೆಯ ತುದಿಗೆ ಬಂತು.

"ಮಣಿಕಟ್ಟು ಅಂತು, ಪಿಳ್ಳಪ್ಪ."

ಅವನು ಮಾತಾಡಲಿಲ್ಲ.
ಆ ಕಡೆ ನೀರು ಕದಡಿದ ಸದ್ದು.
ಕತ್ತಲಲ್ಲೇ ಇಳಿಸುತ್ತಿದ್ದನೋ ಏನೋ, ಮತ್ತೆ.