ತೊಟ್ಟಿಲ ಸೀಟು

ಇಪ್ಪತ್ತೆಂಟು ಬೇಸಿಗೆ ನರಿನ್ ಪೇಟೆಯಿಂದ ಈ ದಾರಿ ಹತ್ತಿದ್ದೇವೆ,
ತೊಕ್ತೊಸುನ್ ಹ್ಯಾಂಡಲ್ ಹಿಡಿದು,
ನಾನು ಪಕ್ಕದ ತೊಟ್ಟಿಲಲ್ಲಿ ಮೊಣಕಾಲು ಮಡಚಿ,
ತೊಡೆಯ ಮೇಲೆ ಐಸು ತುಂಬಿದ ಲಸಿಕೆ ಪೆಟ್ಟಿಗೆ.
ಮೇಲಿನ ಹುಲ್ಲುಗಾವಲಿನ ಕುರಿಗಳಿಗೆ ನಾನು ಡಾಕ್ಟರು,
ಡಾಕ್ಟರಿಗೆ ಅವನು ಡ್ರೈವರು,
ಉರಾಲ್ ಬೈಕು ಸರ್ಕಾರದ್ದು.
ಆಮೇಲೆ ಸರ್ಕಾರವೇ ಹೋಯಿತು. ಬೈಕು ಉಳಿಯಿತು.

ಅವನ ಹೆಸರಿಗೆ ಕಿರ್ಗಿಜ್ ಮಾತಲ್ಲಿ ‘ನಿಲ್ಲಲಿ’ ಎಂದರ್ಥ.
ಮುಂಚೆ ಹುಟ್ಟಿದ ಮೂರೂ ನಿಲ್ಲದೆ ಹೋದವೆಂದು
ಅವರಮ್ಮ ಇಟ್ಟಿದ್ದು.
ನಿಂತ, ಸರಿ. ಆದರೆ ಹ್ಯಾಂಡಲ್ ಕೈಗೆ ಬಂದ ಮೇಲೆ
ಎಲ್ಲೂ ನಿಂತವನಲ್ಲ,
ನೀರಿಗಿಲ್ಲ, ಉಚ್ಚೆಗೂ ಇಲ್ಲ.
“ಕತ್ತಲಾಗುತ್ತೆ ಡಾಕ್ಟ್ರೇ.” ಅದೊಂದೇ ಮಾತು.

ಈ ವರ್ಷ ಅವನ ಬಲಗೈ ನಡುಗುತ್ತದೆ.
ಚಹದ ಬಟ್ಟಲು ತುಟಿ ಸೇರುವಷ್ಟರಲ್ಲಿ ಅರ್ಧ ಅಂಗಿಗೆ.
ಲಸಿಕೆಯಿಲ್ಲ, ಕುರಿಯಿಲ್ಲ, ಸುಮ್ಮನೆ ಹೋಗಿ ಬರೋಣ ಎಂದು
ಜುಲೈಯಲ್ಲಿ ಹೊರಟಾಗ
ಕೀಲಿಯನ್ನು ನನ್ನ ಅಂಗೈಗಿಟ್ಟು
ಮುಖ ಆಚೆ ತಿರುಗಿಸಿ
ತೊಟ್ಟಿಲೊಳಗೆ ಇಳಿದ.

ನನಗೆ ಗೊತ್ತೇ ಇರಲಿಲ್ಲ
ಓಡಿಸುವವನಿಗೆ ಬೆಟ್ಟ ಇಲ್ಲವೆಂದು.
ಇರುವುದು ಮುಂದಿನ ಎಂಟು ಮಾರು:
ಹರಳು, ಹಳ್ಳ, ಕುದುರೆ ಲದ್ದಿ,
ನಿನ್ನೆಯ ನೀರು ಕೊರೆದ ಗೀರು.
ಗ್ಯಾಸು ಕೊಟ್ಟರೆ ಬಲಕ್ಕೆ, ಬ್ರೇಕು ಒತ್ತಿದರೆ ಎಡಕ್ಕೆ,
ಜಗಳಾಡುವ ಗಂಡಹೆಂಡಿರ ನಡುವೆ ಸಿಕ್ಕವನು ನಾನು.

ತೊಟ್ಟಿಲಿಂದ ಕೂಗು. ಡಾಕ್ಟ್ರೇ ಬಿಟ್ಟು
ಏಕವಚನಕ್ಕೆ ಇಳಿದಿದ್ದಾನೆ.
“ಅಲ್ಲಿ ನೋಡೋ, ಜಲಪಾತ! ಯಾವಾಗ ಬಂತದು?”
ನೀನು ಹುಟ್ಟುವ ಮೊದಲೇ, ಮಾರಾಯ.
“ಮಾರ್ಮಟ್ ಅಳಿಲು ಬಂಡೆ ಮೇಲೆ ಎದ್ದು ನಿಂತಿವೆ,
ಮೇಷ್ಟ್ರು ಬಂದರೆಂದು ನಿಂತ ಹಾಗೆ!”
“ಹಿಮ ನೀಲಿಯಾಗಿದೆ. ಹಿಮಕ್ಕೆ ನೀಲಿ ಇದೆಯೇನೋ?”
ಅರವತ್ತೇಳರ ಮುದುಕ,
ಈ ದಾರಿಯ ಒಂದೊಂದು ಗುಂಡಿಗೂ ಹೆಸರಿಟ್ಟವನು,
ತಲೆ ಎತ್ತಿದ್ದೇ ಇವತ್ತು.

ಬಲ ತಿರುವಿನಲ್ಲಿ ತೊಟ್ಟಿಲ ಚಕ್ರ ನೆಲ ಬಿಡುತ್ತದೆ.
ಅಲ್ಲಿ ಕೂತವನು ಹೊರಗೆ ಬಾಗಿ ಭಾರ ಹಾಕಬೇಕು.
ಪೆಟ್ಟಿಗೆ ತಬ್ಬಿಕೊಂಡು ನಾನು ಬಾಗಿದ್ದೆಷ್ಟು ಸಲ,
ಅವನು “ಭಾರ!” ಅನ್ನುವ ಮೊದಲೇ.
ಇವತ್ತು “ಭಾರ! ಭಾರ!” ಎಂದು ಅರಚುತ್ತೇನೆ,
ಅವನೋ ಹದ್ದು ನೋಡುತ್ತಿದ್ದಾನೆ.
ಚಕ್ರ ಗಾಳಿಯಲ್ಲಿ.
ನದಿ ಎಲ್ಲೋ ಕೆಳಗೆ, ಬಿಚ್ಚಿಬಿದ್ದ ನೂಲೆಳೆ.
ಅವನು ನಗುತ್ತಿದ್ದಾನೆ.
ಆಮೇಲೆ ಬಾಗಿದ,
ತಡವಾಗಿ, ದೊಡ್ಡ ಮನಸ್ಸು ಮಾಡಿದವನಂತೆ.

ಮೇಲೆ, ಸರೋವರದ ದಂಡೆಯ ಉಣ್ಣೆ ಗುಡಾರದಲ್ಲಿ
ಬೂಬುಕಾನ್ ಅಜ್ಜಿ ಕುದುರೆ ಹಾಲಿನ ಹುಳಿ ಕುಮಿಸ್ ಕೊಟ್ಟಳು.
ಅವನಿಗೆ ಅರ್ಧ ಬಟ್ಟಲಷ್ಟೇ,
ಕೈ ನೋಡಿ, ಏನೂ ಕೇಳದೆ.
“ಈ ಸಲ ಸೂಜಿ ಇಲ್ಲವೇ?”
“ಇಲ್ಲ. ಬೆಟ್ಟ ನೋಡಲು ಬಂದೆವು.”
“ಬೆಟ್ಟವನ್ನೇ?”
ಅವಳು ಬಾಗಿಲ ಪರದೆ ಸರಿಸಿ ಹೊರಗೊಮ್ಮೆ ನೋಡಿದಳು,
ಏನಾದರೂ ಬದಲಾಗಿದೆಯೇ ಎಂದು.

ರಾತ್ರಿ ಒಂದೇ ಕಂಬಳಿಯಡಿ ಕೇಳಿದೆ:
ಅಷ್ಟು ವರ್ಷ ನಿನ್ನ ಕಿವಿಗೆ ಕೂಗಿ ಹೇಳಿದೆನಲ್ಲ,
ಇದೇ ಜಲಪಾತ, ಇದೇ ನೀಲಿ,
ಹೂಂ ಹೂಂ ಎನ್ನುತ್ತಿದ್ದೆಯಲ್ಲ?
“ಇಂಜಿನ್ ಸದ್ದಿಗೆ ಒಂದೂ ಕೇಳುತ್ತಿರಲಿಲ್ಲ.
ನಿನಗೆ ಬೇಜಾರಾದೀತು ಅಂತ.”
ಮಗ್ಗುಲಾದ. ಕಂಬಳಿಯನ್ನೂ ಎಳೆದುಕೊಂಡ.

ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ
ಗಾಳಿಗನ್ನಡಕ ಏರಿಸಿ ತೊಟ್ಟಿಲಲ್ಲಿ ಕೂತಿದ್ದ.
ಇಳಿಜಾರು. ಮೊದಲ ತಿರುವು.
ನನ್ನ ಕಣ್ಣು ಹರಳಿನ ಮೇಲೆ.
ನಡುಗುವ ಕೈ ಚಾಚಿ ಅವನೇನೋ ಕೂಗಿದ;
ಅರ್ಧ ಗಾಳಿ ತಿಂದಿತು,
ಉಳಿದದ್ದು ಇಂಜಿನ್.

ಹೂಂ, ಎಂದೆ.